ಚಾಕು ಕೊಟ್ಟ ಅಮ್ಮ

"ಮಕ್ಕಳ ಕಥೇನ ಹೇಗೆ ಕೆಡಿಸಿಟ್ಟಿದ್ದಾರೆ ನೋಡಿ!" ನಾರ್ವೆಯ ಎಮಿಲಿ ಬ್ಲಿಕ್‌ಫೆಲ್ಟ್ ನಿರ್ದೇಶಿಸಿದ 'ದಿ ಅಗ್ಲಿ ಸ್ಟೆಪ್‌ಸಿಸ್ಟರ್' (2025) ಮುಗಿದಾಗ ಪಕ್ಕದಲ್ಲಿ ಕೂತು ನೋಡುತ್ತಿದ್ದವರು ಹೇಳಿದ ಮಾತಿದು. ಸಿಂಡ್ರೆಲಾ ಕಥೆಯನ್ನು ಅವಳ ಮಲಸಹೋದರಿ ಎಲ್ವಿರಾಳ ಕಡೆಯಿಂದ ಹೇಳುವ ಸಿನಿಮಾ ಅದು. ಪಾದರಕ್ಷೆಗೆ ಕಾಲು ಹಿಡಿಸಲೆಂದು ಎಲ್ವಿರಾ ಕಾಲ್ಬೆರಳು ಕತ್ತರಿಸಿಕೊಳ್ಳುವಾಗ ಅವರು ಕಣ್ಣು ಮುಚ್ಚಿಕೊಂಡಿದ್ದರು. ವಾರವಿಡೀ ಆ ಮಾತು ತಲೆಯಿಂದ ಹೋಗಿಲ್ಲ.

ಏಕೆಂದರೆ ಆ ಚಾಕು ನಿರ್ದೇಶಕಿ ತಂದಿದ್ದಲ್ಲ. ಜರ್ಮನಿಯ ಜನಪದ ಕಥೆಗಳನ್ನು ಸಂಗ್ರಹಿಸಿದ ಗ್ರಿಮ್ ಸಹೋದರರ 1812ರ ಮೊದಲ ಮುದ್ರಣದಲ್ಲೇ ತಾಯಿ ಅದನ್ನು ಮಗಳ ಕೈಗಿಡುತ್ತಾಳೆ. ಮುಂದಿನ ಮುದ್ರಣಗಳಲ್ಲಿ ಅವಳ ಮಾತು ಇನ್ನೂ ತಣ್ಣಗಿದೆ: ಬೆರಳು ಕತ್ತರಿಸು, ರಾಣಿಯಾದ ಮೇಲೆ ನೀನು ನಡೆಯಬೇಕಾಗಿಯೇ ಇಲ್ಲ. ಒಬ್ಬ ಮಗಳ ಬೆರಳು ಹೋಗುತ್ತದೆ, ಇನ್ನೊಬ್ಬಳ ಹಿಮ್ಮಡಿ. ಮೂರು ರಾತ್ರಿ ಸಿಂಡ್ರೆಲಾ ಜೊತೆ ಕುಣಿದ ರಾಜಕುಮಾರ ಎರಡು ಸಲ ಬೇರೆ ಹುಡುಗಿಯನ್ನು ಕುದುರೆ ಹತ್ತಿಸಿಕೊಂಡು ಹೊರಡುತ್ತಾನೆ. ಮುಖ ನೋಡಿದರೂ ಗುರುತು ಸಿಗುವುದಿಲ್ಲ, ಪಾದರಕ್ಷೆಯಲ್ಲಿ ರಕ್ತ ಇದೆಯೆಂದು ಪಾರಿವಾಳಗಳೇ ಕೂಗಬೇಕು. ಇಂಥವನಿಗಾಗಿ ಬೆರಳು! ನಮಗೆ ಗೊತ್ತಿರುವ ಗಾಜಿನ ಪಾದರಕ್ಷೆ, ಅಕ್ಕಂದಿರಿಗೆ ಸಿಗುವ ಕ್ಷಮೆ ಫ್ರಾನ್ಸಿನ ಲೇಖಕ ಪೆರೋ 1697ರಲ್ಲಿ ಬರೆದದ್ದು. 1950ರಲ್ಲಿ ಡಿಸ್ನಿ ಹಿಡಿದದ್ದು ಆ ದಾರಿಯನ್ನು.

ಇಂಥ ಕಥೆಗಳ ಕರಾಳ ಸಿನಿಮಾ ರೂಪಾಂತರಗಳು ಸಾಮಾನ್ಯವಾಗಿ ಸೋಲುವುದು ಇಲ್ಲೇ. ದೃಶ್ಯಕ್ಕೆ ನೀಲಿ ಛಾಯೆ ಬಳಿದು, ರಾಜಕುಮಾರಿಗೆ ಕವಚ ತೊಡಿಸಿ, ಕೈಗೊಂದು ಕತ್ತಿ ಕೊಟ್ಟರೆ ಕಥೆ ಕರಾಳವಾಯಿತೆಂದುಕೊಳ್ಳುತ್ತಾರೆ. ಅಲ್ಲಿ ಭಯ ಕಾಡಿನಲ್ಲಿರುತ್ತದೆ, ಮನೆಯೊಳಗೆ ಇರುವುದಿಲ್ಲ. ಬ್ಲಿಕ್‌ಫೆಲ್ಟ್ ಅದನ್ನು ಮನೆಯೊಳಗೇ ಇಟ್ಟಿದ್ದಾರೆ. ಮೂಗನ್ನು ಉಳಿಯಿಂದ ಒಡೆದು ಕೂರಿಸುತ್ತಾರೆ, ರೆಪ್ಪೆಗೂದಲನ್ನು ಸೂಜಿಯಲ್ಲಿ ಹೊಲಿಯುತ್ತಾರೆ, ತೆಳ್ಳಗಾಗಲು ಎಲ್ವಿರಾ ಲಾಡಿಹುಳದ ಮೊಟ್ಟೆ ನುಂಗುತ್ತಾಳೆ. ಎಲ್ಲಕ್ಕೂ ಒಂದೇ ಕಾರಣ, ಒಳ್ಳೆಯ ಸಂಬಂಧ ಕುದುರಬೇಕು.

ಇಂಥ ದೃಶ್ಯಕ್ಕೆ ಕಲಾವಿದೆಯ ಪಾದದ ಅಚ್ಚು ತೆಗೆದು ಸಿಲಿಕೋನ್‌ನಲ್ಲಿ ನಕಲಿ ಪಾದ ಎರಕ ಹೊಯ್ಯುವುದು ರೂಢಿ. ಚರ್ಮದ ಬಣ್ಣ ಒಂದೇ ಪದರಾದರೆ ಅದು ಮೇಣದ ಹಾಗೆ ಕಾಣುತ್ತದೆ, ಅದಕ್ಕೇ ನರದ ನೀಲಿ, ಗಂಟಿನ ಕೆಂಪನ್ನು ತೆಳುವಾಗಿ ಒಂದರ ಮೇಲೊಂದು ಹಚ್ಚುತ್ತಾರೆ. ರಕ್ತ ಮೊದಲೇ ಚಿಮ್ಮಿದರೆ ಕೆಲಸ ಕೆಟ್ಟಿತು. ಮೊದಲು ಏಟಿನ ಸದ್ದು, ಆಮೇಲೆ ಮುಖ, ಕೊನೆಗೆ ರಕ್ತ ಬಂದರೆ ನೋಡುವವರ ಕಾಲೇ ಜುಮ್ಮೆನ್ನುತ್ತದೆ.

ಆದರೂ ಆ ದೃಶ್ಯದಲ್ಲಿ ನನ್ನನ್ನು ನಡುಗಿಸಿದ್ದು ಮಚ್ಚಲ್ಲ. ಬಾಗಿಲಲ್ಲಿ ಬಂದು ನಿಂತ ತಾಯಿ ರೆಬೆಕಾ ಮಗಳಿಗೆ ಹೇಳುವುದು, ನೀನು ಕತ್ತರಿಸಿದ್ದು ತಪ್ಪು ಕಾಲು ಎಂದು. ಆಮೇಲೆ ಮಗಳಿಗೆ ಮತ್ತಿನ ಔಷಧ ಕೊಟ್ಟು ಇನ್ನೊಂದು ಕಾಲಿನ ಬೆರಳುಗಳನ್ನು ಅವಳೇ ಕತ್ತರಿಸುತ್ತಾಳೆ. ಗ್ರಿಮ್ ಕಥೆಯ ತಾಯಿ ಚಾಕು ಕೊಟ್ಟು ಸುಮ್ಮನಾಗಿದ್ದಳು, ಇವಳು ಕೈಯನ್ನೂ ಹಾಕಿದಳು. ಎಷ್ಟು ಸಲ ನೆನೆದರೂ ಆ ದನಿಯಲ್ಲಿ ನನಗೆ ಕೇಳುವುದು ಕ್ರೌರ್ಯಕ್ಕಿಂತ ಹೆಚ್ಚಾಗಿ ಅವಸರ.

1819ರ ಮುದ್ರಣದಲ್ಲಿ ಗ್ರಿಮ್ ಸಹೋದರರು ಒಂದು ಶಿಕ್ಷೆ ಸೇರಿಸಿದರು. ಮದುವೆಯ ದಿನ ಪಾರಿವಾಳಗಳು ಅಕ್ಕಂದಿರ ಕಣ್ಣು ಕುಕ್ಕಿ ತೆಗೆಯುತ್ತವೆ. ಚಾಕು ಕೊಟ್ಟ ತಾಯಿಗೆ ಏನೂ ಆಗುವುದಿಲ್ಲ. ಸಿನಿಮಾದಲ್ಲೂ ರೆಬೆಕಾಗೆ ಶಿಕ್ಷೆಯಿಲ್ಲ. ಆದರೆ ಎಲ್ವಿರಾಗೆ ತಂಗಿ ಆಲ್ಮಾ ಇದ್ದಾಳೆ. ಅಕ್ಕನ ಹೊಟ್ಟೆಯ ಹುಳವನ್ನು ಹೊರಗೆಳೆಯುವುದೂ ಅವಳೇ, ಮನೆಯಿಂದ ದಾಟಿಸಿ ಕರೆದೊಯ್ಯುವುದೂ ಅವಳೇ. ಗ್ರಿಮ್ ಕಥೆಯಲ್ಲಿ ಆ ಹುಡುಗಿಯರಿಗೆ ಇಂಥವರು ಒಬ್ಬರೂ ಇರಲಿಲ್ಲ.