ಟೈಮ್‌ಗೆ ಬರ್ತಿದೆಯಾ, ಫೀಲ್ಡ್‌ಗೆ ಬರ್ತಿದೆಯಾ?

"ಸರ್, ಈ ಅಲೆ ಟೈಮ್‌ಗೆ ಬರ್ತಿದೆಯಾ, ಫೀಲ್ಡ್‌ಗೆ ಬರ್ತಿದೆಯಾ?"

ಈ ವಾರ ಪೂರ್ತಿ ನನ್ನ ತಲೆಯಲ್ಲಿ ಸುತ್ತುತ್ತಿರುವುದು ಇದೊಂದೇ ಮಾತು. ಕೇಳಿದವಳು ನಮ್ಮ ತಂಡದ ಪಿಎಚ್‌ಡಿ ವಿದ್ಯಾರ್ಥಿನಿ, ತಂಡದಲ್ಲಿ ಎಲ್ಲರಿಗಿಂತ ಚಿಕ್ಕವಳು. ಕೇಳಿದ್ದು ತಂಡದ ಮುಖ್ಯಸ್ಥರನ್ನು. ಅದೂ ಯಾವಾಗ? ಪಲ್ಸ್ ಮ್ಯಾಗ್ನೆಟ್ ಲ್ಯಾಬ್‌ನಲ್ಲಿ, ಅಂದರೆ ಕ್ಷಣಮಾತ್ರಕ್ಕೆ ಭಾರೀ ಕಾಂತಕ್ಷೇತ್ರ (ಫೀಲ್ಡ್) ಹುಟ್ಟಿಸುವ ಲ್ಯಾಬ್‌ನಲ್ಲಿ, ನಮಗೆ ಕೊಟ್ಟ ಸಮಯ ಮುಗಿಯುತ್ತಾ ಬಂದು, ಕೊನೆಯ ಶಾಟ್, ಅಂದರೆ ಒಂದೇ ಒಂದು ಹೊಡೆತ, ಮಾತ್ರ ಉಳಿದಿದ್ದಾಗ. ಎಲ್ಲರೂ ಪರದೆ ನೋಡಿ ಖುಷಿಯಲ್ಲಿದ್ದಾಗ.

ಖುಷಿಗೆ ಕಾರಣವಿತ್ತು. 60 ಟೆಸ್ಲಾವರೆಗೆ (ಟೆಸ್ಲಾ ಅಂದರೆ ಕಾಂತಕ್ಷೇತ್ರದ ಅಳತೆಮಾನ) ಏರಿದ ಪಲ್ಸ್‌ನಲ್ಲಿ ನಮ್ಮ ಸ್ಯಾಂಪಲ್‌ನ ರೆಸಿಸ್ಟೆನ್ಸ್ ಸುಮ್ನೆ ಏರಿರಲಿಲ್ಲ, ಏರುವ ಗೆರೆಯ ಮೇಲೆ ಅಲೆಗಳಿದ್ದವು. ಲೋಹದ ಒಳಗಿನ ಎಲೆಕ್ಟ್ರಾನ್‌ಗಳು ಬಲವಾದ ಕಾಂತಕ್ಷೇತ್ರದಲ್ಲಿ ಸುತ್ತು ಹಾಕತೊಡಗುತ್ತವೆ. ಆ ಸುತ್ತುಗಳಿಗೆ ಬೇಕಾದ ಹಾಗೆಲ್ಲ ಇರಲು ಆಗುವುದಿಲ್ಲ, ಕೆಲವು ಅಳತೆಗಳಿಗಷ್ಟೇ ಅವಕಾಶ. ಹಾಗಾಗಿ ಫೀಲ್ಡ್ ಬದಲಾದಂತೆ ರೆಸಿಸ್ಟೆನ್ಸ್ ಏರಿಳಿಯುತ್ತದೆ. ಇದನ್ನೇ ಕ್ವಾಂಟಮ್ ಆಸಿಲೇಷನ್ ಎನ್ನುವುದು. ಒಂದನ್ನು ಫೀಲ್ಡ್‌ನಿಂದ ಭಾಗಿಸಿ (ಇದಕ್ಕೆ ಒನ್ ಬೈ ಬಿ ಅನ್ನುತ್ತೇವೆ) ಗ್ರಾಫ್ ಹಾಕಿದರೆ ಈ ಅಲೆಗಳು ಸಮ ದೂರದಲ್ಲಿ ಕೂರುತ್ತವೆ, ಆ ದೂರದಿಂದ ವಸ್ತುವಿನ ಫರ್ಮಿ ಮೇಲ್ಮೈಯ (ಅದರ ಎಲೆಕ್ಟ್ರಾನ್‌ಗಳ ಆವೇಗಗಳಿಗೆ ಗಡಿ ಹಾಕುವ ಮೇಲ್ಮೈ) ಅಡ್ಡಕೊಯ್ತ ಎಷ್ಟು ದೊಡ್ಡದು ಅಂತ ಲೆಕ್ಕ ಹಾಕಬಹುದು. ನಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇನ್ನೊಂದಿಲ್ಲ.

ಮುಖ್ಯಸ್ಥರು ಆಗಲೇ ಮುಂದಿನ ಲೆಕ್ಕದಲ್ಲಿದ್ದರು. ಕೊನೆಯ ಶಾಟ್ ಕೂಡ 60ಕ್ಕೇ, ಆದರೆ ಸ್ವಲ್ಪ ಜಾಸ್ತಿ ತಾಪಮಾನದಲ್ಲಿ. ಅಲೆ ಎಷ್ಟು ಕುಗ್ಗುತ್ತದೆ ಅಂತ ನೋಡಿದರೆ ಎಲೆಕ್ಟ್ರಾನಿನ ಎಫೆಕ್ಟಿವ್ ಮಾಸ್ (ವಸ್ತುವಿನೊಳಗೆ ಅದು ಎಷ್ಟು ಭಾರವಿದ್ದಂತೆ ವರ್ತಿಸುತ್ತದೆ ಅನ್ನೋದು) ಸಿಗುತ್ತದೆ, ಪೇಪರ್‌ಗೆ ಬೇಕಾದ್ದೆಲ್ಲ ಸಿಕ್ಕಂತೆ. ಆಗ ಬಂತು ಈ ಪ್ರಶ್ನೆ.

ಒಂದು ಶಾಟ್ ಅಂದರೆ ಎಷ್ಟು ದುಬಾರಿ ಅನ್ನೋದು ಅಲ್ಲಿ ಕೂತು ಕಾದವರಿಗೇ ಗೊತ್ತು. ಫೀಲ್ಡ್ ಹುಟ್ಟಿಸುವ ತಾಮ್ರದ ತಂತಿಯ ಸುರುಳಿ, ಅಂದರೆ ಕಾಯಿಲ್, ದ್ರವ ನೈಟ್ರೋಜನ್‌ನಲ್ಲಿ ಮುಳುಗಿರುತ್ತದೆ, ಆ ಚಳಿಯಲ್ಲಿ ತಾಮ್ರದ ರೆಸಿಸ್ಟೆನ್ಸ್ ಬಹಳ ಇಳಿಯುತ್ತದೆ ಅಂತ. ಎಲ್ಲರೂ ಹೊರಗೆ ಬರಬೇಕು, ಬಾಗಿಲು ಲಾಕ್ ಆಗಬೇಕು, ಕೆಪಾಸಿಟರ್ ಬ್ಯಾಂಕ್ (ವಿದ್ಯುತ್ ಕೂಡಿಡುವ ಸಾಧನಗಳ ಸಾಲು) ಚಾರ್ಜ್ ಆಗಬೇಕು, ಸೈರನ್ ಕೂಗಬೇಕು. ಆಮೇಲೆ ನೆಲದ ಅಡಿಯಿಂದ 'ಧಡ್' ಅಂತ ಒಂದು ಸದ್ದು. ಫೀಲ್ಡ್ ಕೆಲವೇ ಮಿಲಿಸೆಕೆಂಡ್‌ಗಳಲ್ಲಿ ತುದಿ ಮುಟ್ಟಿ, ಅದಕ್ಕಿಂತ ನಿಧಾನವಾಗಿ ಇಳಿದುಬಿಡುತ್ತದೆ. ಒಂದು ಸೆಕೆಂಡಿನ ಹತ್ತನೇ ಒಂದು ಭಾಗವೂ ಹಿಡಿಯಲ್ಲ. ಅಷ್ಟರಲ್ಲಿ ಕಾಯಿಲ್ ಬಿಸಿಯಾಗಿರುತ್ತದೆ, ಅದು ತಣ್ಣಗಾಗುವವರೆಗೆ ಮುಂದಿನ ಶಾಟ್ ಇಲ್ಲ. ದೊಡ್ಡ ಕಾಯಿಲ್ ಆದರೆ ಗಂಟೆಗಟ್ಟಲೆ. ತಿಂಗಳುಗಟ್ಟಲೆ ಕಾದು ಪಡೆದ ಸಮಯದಲ್ಲಿ ನಿಜವಾದ ಅಳತೆ ನಡೆಯೋದು ಎಲ್ಲ ಸೇರಿಸಿದರೂ ಒಂದೆರಡು ಸೆಕೆಂಡ್. ಹೀಗಿರುವಾಗ ಪರದೆ ಮೇಲೆ ಚೆಂದದ ಅಲೆ ಕಂಡರೆ ನಂಬಬೇಕು ಅನ್ನಿಸುತ್ತದೆ. ಅನ್ನಿಸದಿದ್ದರೆ ಅವರು ಮನುಷ್ಯರೇ ಅಲ್ಲ.

ಆದರೆ ಅವಳ ಪ್ರಶ್ನೆ ನೋಡಿ. ಪಲ್ಸ್ ಹೊಡೆದಾಗ ಎಲ್ಲವೂ ಅಲುಗಾಡುತ್ತದೆ. 60 ಟೆಸ್ಲಾದಲ್ಲಿ ಕಾಯಿಲ್‌ನ ಒಳಗಿನಿಂದ ಹೊರಕ್ಕೆ ತಳ್ಳುವ ಒತ್ತಡ ಗಾಳಿಯ ಒತ್ತಡದ ಸುಮಾರು 14,000 ಪಟ್ಟು. ಆ ಹೊಡೆತಕ್ಕೆ ಸ್ಯಾಂಪಲ್‌ಗೆ ಅಂಟಿಸಿದ ಕೂದಲೆಳೆಯಂಥ ಚಿನ್ನದ ತಂತಿ ಒಂಚೂರು ಕಂಪಿಸಿದರೂ ಸಾಕು, ಫೀಲ್ಡ್‌ನಲ್ಲಿ ಅಲುಗುವ ತಂತಿಯಲ್ಲಿ ವೋಲ್ಟೇಜ್ ಹುಟ್ಟುತ್ತದೆ, ಅದೂ ಗ್ರಾಫ್‌ನಲ್ಲಿ ಅಲೆಯಾಗಿಯೇ ಕಾಣುತ್ತದೆ. ಸ್ಯಾಂಪಲ್‌ನ ಅಲೆ ಒಂದು ನಿರ್ದಿಷ್ಟ ಫೀಲ್ಡ್‌ಗೆ ಬರುತ್ತದೆ. ತಂತಿಯ ಅಲೆ ಪಲ್ಸ್ ಶುರುವಾದ ಇಷ್ಟು ಮಿಲಿಸೆಕೆಂಡ್‌ಗೆ ಅಂತ ಬರುತ್ತದೆ. 60ಕ್ಕೇ ಮತ್ತೆ ಮತ್ತೆ ಹೊಡೆದರೆ ಎರಡೂ ಪ್ರತಿ ಸಲ ಅದೇ ಜಾಗದಲ್ಲಿ ಕೂರುತ್ತವೆ, ಯಾಕಂದ್ರೆ ಪ್ರತಿ ಸಲವೂ ಅದೇ ಹೊತ್ತಿಗೆ ಅದೇ ಫೀಲ್ಡ್. "ಎಲ್ಲ ಶಾಟ್‌ನಲ್ಲೂ ಬಂದಿದೆಯಲ್ಲ" ಅಂತ ನಾವು ಸಮಾಧಾನ ಪಟ್ಟುಕೊಂಡಿದ್ದೇನೋ ಸರಿ, ಆದರೆ ಅದು ಸಾಕ್ಷಿಯೇ ಅಲ್ಲ. ಇಳಿಯುವ ಭಾಗದಲ್ಲಿ ಅಲೆ ಮಂಕಾಗಿತ್ತು. ಏರುವಾಗ ಎಡ್ಡಿ ಕರೆಂಟ್‌ನಿಂದ (ಬದಲಾಗುವ ಫೀಲ್ಡ್ ಲೋಹದೊಳಗೆ ಹುಟ್ಟಿಸುವ ಸುಳಿ ಕರೆಂಟ್) ಸ್ಯಾಂಪಲ್ ಬಿಸಿಯಾಗಿರಬೇಕು ಅಂತ ಮುಖ್ಯಸ್ಥರು ಅದಕ್ಕೂ ಉತ್ತರ ಕೊಟ್ಟಿದ್ದರು. ಅದು ತಳ್ಳಿಹಾಕುವಂಥ ಉತ್ತರವೂ ಅಲ್ಲ.

"45ಕ್ಕೆ ಹೊಡೆಯೋಣ ಸರ್. ಸ್ಯಾಂಪಲ್‌ದೇ ಆದ್ರೆ 40 ಟೆಸ್ಲಾದಲ್ಲಿ ಇರೋ ಉಬ್ಬು 40ರಲ್ಲೇ ಇರುತ್ತೆ. ತಂತಿದಾದ್ರೆ ಅದೇ ಮಿಲಿಸೆಕೆಂಡ್‌ಗೆ ಬರುತ್ತೆ."

"ನೋಡಮ್ಮ, 45ರಲ್ಲಿ ಹೊಸದೇನೂ ಸಿಗಲ್ಲ. ಇರೋ ಒಂದು ಶಾಟ್ ಅದಕ್ಕೆ ಕೊಡೋದಾ?"

"ಟೈಮ್‌ಗೆ ಬರ್ತಿದೆಯಾ ಫೀಲ್ಡ್‌ಗೆ ಬರ್ತಿದೆಯಾ ಗೊತ್ತಿಲ್ದೆ ಮಾಸ್ ತಗೊಂಡು ಏನ್ ಮಾಡೋದು ಸರ್?"

ಜೋರಾಗಿ ಹೇಳಲಿಲ್ಲ. ಲ್ಯಾಪ್‌ಟಾಪ್ ನೋಡುತ್ತಲೇ ಹೇಳಿದಳು.

ಪಕ್ಕದಲ್ಲಿದ್ದ, ಪಿಎಚ್‌ಡಿ ಮುಗಿಸಿ ತಂಡ ಸೇರಿದ ಪೋಸ್ಟ್‌ಡಾಕ್ ಮಹಾಶಯರು "ಈಗ ಯಾಕೆ ಇದೆಲ್ಲ, ಊರಿಗೆ ಹೋಗಿ ಅನಾಲಿಸಿಸ್‌ನಲ್ಲಿ ನೋಡಿದ್ರಾಯ್ತು" ಅಂದರು. ನನಗೆ ಸಿಟ್ಟು ಬಂದದ್ದು ಇವರ ಮೇಲೆ, ಮುಖ್ಯಸ್ಥರ ಮೇಲಲ್ಲ. ಮುಖ್ಯಸ್ಥರಿಗೆ ಮುಂದಿನ ಅನುದಾನದ ಒತ್ತಡವಿದೆ, ಅವರು ವಾದವನ್ನಾದರೂ ಮಾಡುತ್ತಿದ್ದರು. ಇವರಿಗೆ ವಿಷಯ ಚೆನ್ನಾಗಿ ಗೊತ್ತು. ಇಲ್ಲದ ಡೇಟಾವನ್ನು ಯಾವ ಅನಾಲಿಸಿಸ್ಸೂ ತಂದುಕೊಡಲ್ಲ ಅಂತಲೂ ಗೊತ್ತು. ಗೊತ್ತಿದ್ದೂ ಹುಡುಗಿಯ ಬಾಯಿ ಮುಚ್ಚಿಸಲು ನೋಡಿದರು.

ಕೊನೆಗೆ ಸಹಾಯಕ್ಕೆ ಬಂದದ್ದು ಕಾಯಿಲ್ ನೋಡಿಕೊಳ್ಳುವ ಹಿರಿಯ ಟೆಕ್ನಿಷಿಯನ್. "45 ಆದ್ರೆ ಕಾಯಿಲ್ ಬೇಗ ತಣ್ಣಗಾಗಿರುತ್ತೆ, ಅದಕ್ಕೂ ಒಳ್ಳೇದು" ಅಂದರು ಅಷ್ಟೇ. ಪೂರ್ತಿ ಫೀಲ್ಡ್‌ನ ಪ್ರತಿ ಶಾಟ್ ಕಾಯಿಲ್‌ನ ಆಯಸ್ಸು ತಿನ್ನುತ್ತದೆ, ಅದು ಒಡೆದರೆ ನೋವು ಅವರಿಗೇ. ಮುಖ್ಯಸ್ಥರು ಒಂದು ನಿಮಿಷ ಸುಮ್ಮನಿದ್ದು, "ಸರಿ, 45" ಅಂದರು.

ಕಾಯುವ ಹೊತ್ತಿನಲ್ಲಿ ನನಗೆ ರಷ್ಯದ ಭೌತವಿಜ್ಞಾನಿ ಪ್ಯೋತರ್ ಕಪಿಟ್ಸಾ ನೆನಪಾದರು. 1920ರ ದಶಕದಲ್ಲಿ, ಕೇಂಬ್ರಿಜ್‌ನಲ್ಲಿ, ದೊಡ್ಡ ಜನರೇಟರ್ ಒಂದನ್ನು ಕಾಯಿಲ್ ಮೂಲಕ ಶಾರ್ಟ್ ಮಾಡಿ ಸುಮಾರು 32 ಟೆಸ್ಲಾ ತೆಗೆದವರು. ಸೆಕೆಂಡಿನ ನೂರನೇ ಒಂದು ಭಾಗದ ಹೊತ್ತು. ಜನರೇಟರ್ ತಟ್ಟನೆ ತಡೆದಾಗ ನೆಲವೇ ನಡುಗುತ್ತಿತ್ತು, ಅದಕ್ಕೆ ಅವರು ಕಾಯಿಲನ್ನು 20 ಮೀಟರ್ ದೂರ ಇಟ್ಟರು. ನಡುಕ ನೆಲದಲ್ಲಿ ಹರಿದು ಬರುವಷ್ಟರಲ್ಲಿ ಅಳತೆ ಮುಗಿದಿರುತ್ತಿತ್ತು! ನೂರು ವರ್ಷದ ಹಿಂದೆಯೇ ಈ ಮನುಷ್ಯ ಕೇಳಿಕೊಂಡಿದ್ದು ಇದೇ ಪ್ರಶ್ನೆ ಅಲ್ವಾ, ನಡುಕ ಯಾವ ಹೊತ್ತಿಗೆ ಬರುತ್ತದೆ ಅಂತ. ಈಗ ನಡುಕ ಕಾಯಿಲ್‌ನ ಒಳಗೇ ಹುಟ್ಟುತ್ತದೆ, ಸ್ಯಾಂಪಲ್ ಅದರ ಮಧ್ಯದಲ್ಲೇ ಕೂತಿರುತ್ತದೆ, ದೂರ ಹೋಗಲು ಜಾಗವಿಲ್ಲ.

ಈ ಕ್ಷೇತ್ರದಲ್ಲಿ ಸುದ್ದಿಯಾಗೋದು ದಾಖಲೆಗಳು. 2012ರಲ್ಲಿ ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ ಕಾಯಿಲ್ ಒಡೆಯದೆ 100 ಟೆಸ್ಲಾ ದಾಟಿದ್ದು, 2018ರಲ್ಲಿ ಟೋಕಿಯೋ ವಿಶ್ವವಿದ್ಯಾಲಯದವರು ಕಾಯಿಲನ್ನು ಬಲಿ ಕೊಟ್ಟು 1,200 ಟೆಸ್ಲಾ ಮುಟ್ಟಿದ್ದು. ದೊಡ್ಡ ಕೆಲಸಗಳೇ, ಅನುಮಾನವಿಲ್ಲ. ಆದರೆ ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡದು 2007ರ ಫಲಿತಾಂಶ. ಫ್ರಾನ್ಸ್‌ನ ಟುಲೂಸ್‌ನ ಪಲ್ಸ್ ಲ್ಯಾಬ್‌ನಲ್ಲಿ, 62 ಟೆಸ್ಲಾವರೆಗಿನ ಪಲ್ಸ್‌ಗಳಲ್ಲಿ, ತಾಮ್ರದ ಆಕ್ಸೈಡ್ ಸೂಪರ್‌ಕಂಡಕ್ಟರ್ (ತಣ್ಣಗಾದಾಗ ರೆಸಿಸ್ಟೆನ್ಸೇ ಇಲ್ಲದೆ ವಿದ್ಯುತ್ ಹರಿಸುವ ವಸ್ತು) ಒಂದರಲ್ಲಿ ಕ್ವಾಂಟಮ್ ಆಸಿಲೇಷನ್ ಕಂಡಿತು. ಆ ಕುಟುಂಬದ ವಸ್ತುಗಳು ಸಿಕ್ಕು ಇಪ್ಪತ್ತು ವರ್ಷವಾಗಿದ್ದರೂ ಅವುಗಳಲ್ಲಿ ಫರ್ಮಿ ಮೇಲ್ಮೈ ಹೇಗಿದೆ ಅಂತ ಜಗಳ ನಡೆದೇ ಇತ್ತು. ಅಲ್ಲಿನ ಅಲೆಗಳೂ ಸಣ್ಣವೇ. ಜಗತ್ತು ಅವನ್ನು ನಂಬಿದ್ದು ಅವು ಫೀಲ್ಡ್‌ಗೆ ಬರುತ್ತಿದ್ದವು ಅಂತ.

ನಮ್ಮ 45ರ ಶಾಟ್ ಬಂತು. ಎರಡು ಗ್ರಾಫ್ ಒಂದರ ಮೇಲೊಂದು ಹಾಕಿದಳು, ಮೊದಲು ಟೈಮ್‌ಗೆ. ನಾವು ಖುಷಿಪಟ್ಟಿದ್ದ ಎರಡು ದೊಡ್ಡ ಉಬ್ಬುಗಳು ಸರಿಯಾಗಿ ಅದೇ ಮಿಲಿಸೆಕೆಂಡ್‌ನಲ್ಲಿ ಕೂತವು. ತಂತಿ. ಆಮೇಲೆ ಫೀಲ್ಡ್‌ಗೆ ಹಾಕಿದಳು. ಉಬ್ಬುಗಳು ಬೇರೆ ಬೇರೆ ಕಡೆ ಹೋದವು, ಆದರೆ ಅವುಗಳ ಕೆಳಗಿದ್ದ, ನಾವ್ಯಾರೂ ಗಮನವನ್ನೇ ಕೊಡದಿದ್ದ ಸಣ್ಣ ಸಣ್ಣ ತೆರೆಗಳು ಎರಡರಲ್ಲೂ ಒಂದೇ ಫೀಲ್ಡ್‌ನಲ್ಲಿ ನಿಂತವು. ಬಹಳ ಇಲ್ಲ, ಪೇಪರ್ ಮಾಡುವಷ್ಟಂತೂ ಇಲ್ಲ. ಮುಖ್ಯಸ್ಥರು ಕನ್ನಡಕ ತೆಗೆದು ಪರದೆಯ ಹತ್ತಿರ ಬಗ್ಗಿ ಬಹಳ ಹೊತ್ತು ನೋಡಿದರು. "ಇದನ್ನ ಒನ್ ಬೈ ಬಿ ಮೇಲೆ ಹಾಕಮ್ಮ" ಅಂದರು. ದನಿಯಲ್ಲಿ ಬೇಸರವಿರಲಿಲ್ಲ.

ಅವಳು ಅವತ್ತು ಸುಮ್ಮನಿದ್ದಿದ್ದರೆ ಯಾರೂ ಅವಳನ್ನು ದೂರುತ್ತಿರಲಿಲ್ಲ, ಪೇಪರ್‌ನಲ್ಲಿ ಅವಳ ಹೆಸರೂ ಇರುತ್ತಿತ್ತು. ನಮ್ಮ ತಂಡಗಳಲ್ಲಿ ಚಿಕ್ಕವರಿಗೆ ಯಂತ್ರ ನಡೆಸೋದು ಕಲಿಸುತ್ತೇವೆ, ಬೆಸುಗೆ ಹಾಕೋದು ಕಲಿಸುತ್ತೇವೆ. ಎಲ್ಲರೂ ಖುಷಿಯಲ್ಲಿದ್ದಾಗ ಇಂಥದ್ದನ್ನು ಕೇಳಿದರೆ ತಪ್ಪಿಲ್ಲ ಅಂತ ಯಾರು ಹೇಳಿಕೊಡುತ್ತಾರೆ? ಇವಳಿಗಂತೂ ನಾವ್ಯಾರೂ ಹೇಳಿಕೊಟ್ಟಿರಲಿಲ್ಲ.

ಮುಂದಿನ ಸಮಯಕ್ಕೆ ಅರ್ಜಿ ಬರೆಯುತ್ತಿದ್ದೇವೆ. ತಂತಿಗಳನ್ನು ಇನ್ನೂ ಗಿಡ್ಡ ಮಾಡಿ, ಜೋಡಿಯಾಗಿ ತಿರುಚಿ, ಉದ್ದಕ್ಕೂ ವಾರ್ನಿಶ್ ಹಾಕಿ ಕೂರಿಸುವುದು ಅವಳ ಯೋಜನೆ. 45, 52, 60, ಮೂರೂ ಎತ್ತರದ ಶಾಟ್ ಕೇಳಿದ್ದಾಳೆ, ಜೊತೆಗೆ ತಂತಿಯ ಅಲೆ ಮಾತ್ರ ಕಾಣಲಿ ಅಂತ ಸ್ಯಾಂಪಲ್‌ಗೆ ಕರೆಂಟೇ ಕೊಡದೆ ಒಂದು ಖಾಲಿ ಶಾಟ್. ಪೋಸ್ಟ್‌ಡಾಕ್ ಅದನ್ನು ಹೊಡೆದುಹಾಕಿ ಕಳಿಸಿದ್ದರು. ಮುಖ್ಯಸ್ಥರು ಮತ್ತೆ ಸೇರಿಸಿದ್ದಾರೆ.