ನಮ್ಮ 'ಬೈಲಕುಪ್ಪೆ'

1989ರಲ್ಲಿ ಮೈಸೂರಿಗೆ ಓದೋಕೆ ಬಂದಾಗ ಹಾಸ್ಟೆಲ್‌ನಲ್ಲಿ ನನ್ನ ಪಕ್ಕದ ಮಂಚ ಅವನದು. ಬೈಲಕುಪ್ಪೆಯ ಟಿಬೆಟನ್ ಹುಡುಗ. ಅವನ ಹೆಸರು ನಮ್ಮ ಬಾಯಲ್ಲಿ ತಿರುಗಲಿಲ್ಲ. ವಾರದೊಳಗೆ 'ಬೈಲಕುಪ್ಪೆ' ಅಂತಲೇ ಹೆಸರು ಬಿತ್ತು. ಅವನು ಹುಟ್ಟಿದ್ದು ಇಲ್ಲೇ, ಕನ್ನಡ ಪಿರಿಯಾಪಟ್ಟಣದ ಕಡೆಯದು. ಆದರೂ ಟ್ರಂಕಿನ ತಳದಲ್ಲಿ ಆರ್‌ಸಿ ಅನ್ನೋ ಒಂದು ಪುಸ್ತಕ ಜೋಪಾನವಾಗಿ ಇಟ್ಟಿರುತ್ತಿದ್ದ. ವಿದೇಶಿ ಅಂತ ನೋಂದಣಿಯಾದ ಕಾಗದ ಅದು. ಅದನ್ನು ನವೀಕರಿಸೋಕೆ ಅಂತಲೇ ಆಗಾಗ ಕ್ಲಾಸು ತಪ್ಪಿಸುತ್ತಿದ್ದ.

ಆ ವರ್ಷದ ದಸರಾ ರಜೆಗೆ ನನ್ನನ್ನು ಮನೆಗೆ ಕರೆದುಕೊಂಡು ಹೋದ. ಹುಣಸೂರು, ಪಿರಿಯಾಪಟ್ಟಣ ದಾಟಿ, ಕುಶಾಲನಗರದ ಸೇತುವೆಗೆ ಮೊದಲೇ ಬಸ್ ಇಳಿದೆವು. ಮನೆಯ ಅಂಗಳದ ತುಂಬ ಮುಸುಕಿನ ಜೋಳ ಹರಡಿತ್ತು. ಅವನ ಅಮ್ಮ ನನ್ನ ಕೈಗೆ ಬೆಣ್ಣೆ ಟೀ ಕೊಟ್ಟರು. ಟೀ ಉಪ್ಪುಪ್ಪಾಗಿತ್ತು. ಎರಡನೇ ಲೋಟಕ್ಕೆ ರುಚಿ ಹತ್ತಿತು. ಅಮ್ಮನಿಗೆ ಅವರಲ್ಲೂ 'ಅಮಾ'. ಗೌರವಕ್ಕೆ 'ಲಾ' ಸೇರಿಸಿ 'ಅಮಾ-ಲಾ' ಅಂತಾರೆ. ನಾನೂ ಹಾಗೇ ಕರೆದೆ.

ಅಮಾ-ಲಾ 1959ರಲ್ಲಿ ಚೀನಾ ಸೈನ್ಯಕ್ಕೆ ಹೆದರಿ, ಟಿಬೆಟ್ ಬಿಟ್ಟು ಹಿಮದ ಬೆಟ್ಟ ದಾಟಿ ಬಂದವರು. ಆಗ ಅವರಿಗೆ ಹದಿನಾರು ವರ್ಷ. ಜೊತೆಗೆ ಹೊರಟ ಅಣ್ಣ ದಾರಿಯಲ್ಲೇ ತೀರಿಕೊಂಡ. ಕೆಲವು ದಿನ ಉತ್ತರದ ಬೆಟ್ಟಗಳಲ್ಲಿ ರಸ್ತೆ ಕೆಲಸ ಮಾಡಿ, ಆಮೇಲೆ ಬೈಲಕುಪ್ಪೆಗೆ ಬಂದರು. ಆಗಿನ ಮೈಸೂರು ಸರ್ಕಾರ ಅಲ್ಲಿ ಸುಮಾರು 3,000 ಎಕರೆ ಕೊಟ್ಟಿತ್ತು. ಅಷ್ಟೂ ಕಾಡು. ಹಗಲು ಮರ ಕಡಿಯೋದು, ರಾತ್ರಿ ತಮಟೆ ಬಡಿದು ಆನೆ ಓಡಿಸೋದು. ಇದನ್ನೆಲ್ಲ ಅವರು ಸಂತೆಯಲ್ಲಿ ಕಲಿತ ಕನ್ನಡದಲ್ಲಿ, ಒಂದು ತೆನೆಗೆ ಇನ್ನೊಂದನ್ನು ಉಜ್ಜಿ ಕಾಳು ಬಿಡಿಸುತ್ತಾ ಹೇಳಿದರು.

ನಾವು ಅಲ್ಲಿದ್ದಾಗಲೇ ರೇಡಿಯೊದಲ್ಲಿ ಸುದ್ದಿ ಬಂತು. ದಲೈ ಲಾಮಾ ಅವರಿಗೆ ಶಾಂತಿಯ ನೊಬೆಲ್! ಅಕ್ಕಪಕ್ಕದವರೆಲ್ಲ ಬೀದಿಗೆ ಬಂದರು, ಎಷ್ಟೋ ಜನ ಅತ್ತರು. ಸಂಜೆ ಅಮಾ-ಲಾ ಜಪಮಾಲೆ ಹಿಡಿದು ಕೂತರು. ದಿನವೂ ಏನು ಬೇಡಿಕೊಳ್ತೀರಿ ಅಂತ ಕೇಳಿದೆ.

"ಎಲ್ಲ ಜೀವಕ್ಕೂ ಕಷ್ಟ ಬೇಡ ಅಂತ."

"ಚೀನಾದವರಿಗೂ?"

ಮಣಿ ಎಣಿಸುತ್ತಿದ್ದ ಬೆರಳು ನಿಂತಿತು. "ಎಲ್ಲ ಅಂದರೆ ಅವರೂ ಬಂದರಲ್ಲಪ್ಪ" ಅಂದರು. ಮತ್ತೆ ಮಣಿ ಸರಿಯತೊಡಗಿತು.

ಆಗ ಆ ಮಾತು ನನಗೆ ಪೂರ್ತಿ ಇಳಿಯಲಿಲ್ಲ. ಇಳಿದಿದ್ದು 1991ರ ಡಿಸೆಂಬರ್‌ನಲ್ಲಿ. ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ಕಾವೇರಿ ನೀರು ಬಿಡಬೇಕು ಅನ್ನೋ ಮಧ್ಯಂತರ ಆದೇಶ ಗೆಜೆಟ್‌ನಲ್ಲಿ ಬಂದಿತ್ತು. ನಮ್ಮದು ಶ್ರೀರಂಗಪಟ್ಟಣದ ಹತ್ತಿರದ ಊರು, ನಾಲೆ ನೀರು ನಂಬಿದ ಗದ್ದೆ. ನನಗೂ ಸಿಟ್ಟು ಬಂದಿತ್ತು, ತುಂಬಾ ಬಂದಿತ್ತು. ಒಂದು ಸಂಜೆ ಗುಂಪೊಂದು ಹಾಸ್ಟೆಲ್ ಬೀದಿಯಲ್ಲಿ ಕೂಗುತ್ತಾ ಬಂತು. ಮೂಲೆಯಲ್ಲಿ ಇಸ್ತ್ರಿ ಅಂಗಡಿ ಇತ್ತು. ಎರಡು ವರ್ಷಕ್ಕೂ ಹೆಚ್ಚು ಕಾಲ ನಮ್ಮ ಬಟ್ಟೆಗಳಿಗೆ ಇಸ್ತ್ರಿ ಹಾಕಿದ ಅಣ್ಣನ ಮನೆಮಾತು ತಮಿಳು. ನಾನು ಕಿಟಕಿ ಹತ್ತಿರ ಸುಮ್ನೆ ನಿಂತಿದ್ದೆ.

ಬೈಲಕುಪ್ಪೆ ಚಪ್ಪಲಿ ಹಾಕಿಕೊಂಡ. "ನಿನಗ್ಯಾಕೋ? ಪೊಲೀಸ್ ಕೇಸಾದರೆ ನಿನ್ನ ಆರ್‌ಸಿ ಗತಿ ಏನು?" ಅಂದೆ.

"ಗೊತ್ತು ಕಣೋ. ಒಳಗೆ ಮಗು ಇದೆ" ಅಂದವನು ಇಳಿದೇ ಹೋದ.

ನಾನೂ ಹಿಂದೆ ಓಡಿದೆ. ಹಿತ್ತಲ ಬಾಗಿಲಿಂದ ಆ ಅಣ್ಣ, ಅಕ್ಕ, ಮಗು ಮೂವರನ್ನೂ ಹಾಸ್ಟೆಲ್‌ಗೆ ಕರೆತಂದೆವು. ಅಂಗಡಿ ಉಳಿಯಲಿಲ್ಲ. ಆ ರಾತ್ರಿ ಮಗು ನನ್ನ ಮಂಚದ ಮೇಲೆ, ನನ್ನ ರಗ್ಗು ಹೊದ್ದು ಮಲಗಿತು. ಅದರ ಕೈ ನನ್ನ ಶರ್ಟಿನ ತೋಳು ಹಿಡಿದೇ ಇತ್ತು. ಬಿಡಿಸಿಕೊಳ್ಳೋಕೆ ಮನಸ್ಸಾಗಲಿಲ್ಲ. ಬೆಳಗಿನವರೆಗೂ ಹಾಗೇ ಕೂತಿದ್ದೆ. ನೀರಿನ ಬಗ್ಗೆ ನನ್ನ ಅಭಿಪ್ರಾಯ ಇವತ್ತಿಗೂ ಬದಲಾಗಿಲ್ಲ. ಆದರೆ ಮನುಷ್ಯರನ್ನು ನಮ್ಮವರು, ಅವರು ಅಂತ ಬೇರೆ ಮಾಡೋದು ಅವತ್ತಿಗೆ ಬಿಟ್ಟುಹೋಯಿತು. ಪ್ರಪಂಚದಲ್ಲಿ ಶಾಂತಿ ಸಾಧ್ಯ ಅಂತ ನಾನು ನಂಬೋದು ಆ ಚಪ್ಪಲಿ ಸದ್ದು ಕೇಳಿಸಿಕೊಂಡವನು ಅನ್ನೋ ಕಾರಣಕ್ಕೆ.

ಕಳೆದ ವರ್ಷ ಅವನ ಮನೆಗೆ ಹೋಗಿದ್ದೆ. ಅಮಾ-ಲಾಗೆ ಎಂಬತ್ತು ದಾಟಿದೆ, ಕಣ್ಣು ಮಂಜು. ನನ್ನ ಕೊರಳಿಗೆ ಖತಾ ಅನ್ನೋ ಗೌರವದ ಬಿಳಿ ಶಾಲು ಹಾಕಿ, ಮುಖ ಮುಟ್ಟಿ ನೋಡಿ ಗುರುತು ಹಿಡಿದರು. ಆಮೇಲೆ ಮೊದಲು ಕೇಳಿದ್ದು ಒಂದೇ: "ನಿಮ್ಮೂರ ಗದ್ದೆಗೆ ಈ ವರ್ಷ ನೀರು ಬಂತಾ?"