ಮಾವನ ಕುರ್ಚಿಗೆ ಕೇಳಿಸದ ಮಾತು

"ಏನಂದ್ನವ್ವ ಅವ್ನು?"

ನಮ್ಮ ಮನೆಯಲ್ಲಿ ಸಿನಿಮಾ ಹಾಕಿದರೆ ಹತ್ತು ನಿಮಿಷಕ್ಕೊಮ್ಮೆ ಈ ಪ್ರಶ್ನೆ ಬರುತ್ತದೆ. ಕೇಳುವವರು ನಮ್ಮ ಮಾವ. ನಾನು ಉತ್ತರ ಹೇಳುವಷ್ಟರಲ್ಲಿ ಮುಂದಿನ ಮಾತೂ ಹೋಗಿರುತ್ತದೆ. ಮಗ ವಾಲ್ಯೂಮ್ ಏರಿಸುತ್ತಾನೆ. ಅಷ್ಟರಲ್ಲಿ ಫೈಟ್ ಶುರುವಾಗಿ ಕಿಟಕಿ ಗಾಜು ನಡುಗುತ್ತದೆ. "ಇಳ್ಸ್ಲಾ ಅದ್ನ!" ಅಂತ ತಾತನಿಂದ ಮೊಮ್ಮಗನಿಗೆ ಬೈಗುಳ.

ಮಾವ ಇಲ್ಲೇ ಮಂಡ್ಯದಲ್ಲಿ ಮೂವತ್ತು ವರ್ಷ ಸ್ವಂತ ರಾಗಿ ಮಿಲ್ ನಡೆಸಿದವರು. ಬೆಳಗಿನಿಂದ ಸಂಜೆವರೆಗೆ ಮೋಟರಿನ ಪಕ್ಕದಲ್ಲೇ ಇರುತ್ತಿದ್ದರು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಿ ಕಿವಿ ಪರೀಕ್ಷೆ ಮಾಡಿಸಿದ್ದೆವು. ಗ್ರಾಫು 4000 ಹರ್ಟ್ಸ್ ಹತ್ತಿರ, ಅಂದರೆ ಕೀರಲು ದನಿಯ ಕಡೆ, ಹಳ್ಳಕ್ಕೆ ಬಿದ್ದಿತ್ತು. ಗದ್ದಲದಲ್ಲಿ ದುಡಿದವರ ಕಿವಿ ಸಾಮಾನ್ಯವಾಗಿ ಮೊದಲು ಸೋಲುವುದು ಅಲ್ಲೇ. ದನಿ ಕೇಳುತ್ತದೆ, ಆದರೆ ಸ, ಶ, ತ, ಕ ಎಲ್ಲ ಮಸುಕು. ಯಾರೋ ಮಾತಾಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ಮೆಷಿನ್ ಹಾಕಿಸಿಕೊಳ್ಳಿ ಮಾವ ಅಂದರೆ, "ಇವತ್ತು ಮಳೆ ಬಂದಾತಾ?" ಅಂತ ಮಾತು ತಿರುಗಿಸುತ್ತಾರೆ.

ಹಾಗಾಗಿ ತಪ್ಪೆಲ್ಲ ಅವರ ಕಿವಿಯದ್ದೇ ಅಂದುಕೊಂಡಿದ್ದೆ. ಅರ್ಧ ತಪ್ಪು ಸ್ಪೀಕರ್ ಜೋಡಿಸಿದ ನನ್ನದು ಅಂತ ತಿಳಿಯಲು ಎಂಟು ತಿಂಗಳು ಬೇಕಾಯಿತು.

ಮೊದಲು ನಮ್ಮಲ್ಲಿದ್ದದ್ದು ಸದ್ದನ್ನು ಸ್ಪೀಕರುಗಳಿಗೆ ಹಂಚುವ ಒಂದು ರಿಸೀವರ್, ಟಿವಿಯ ಎಡಬಲಕ್ಕೆ ಎರಡು ಬುಕ್‌ಶೆಲ್ಫ್ ಸ್ಪೀಕರ್, ಅಂದರೆ ಪುಟ್ಟ ಪೆಟ್ಟಿಗೆಯವು. ನಡುವೆ ಸೋಫಾದಲ್ಲಿ ಕೂತರೆ ಮಾತು ಟಿವಿಯಿಂದಲೇ ಬಂದ ಹಾಗೆ ಕೇಳುತ್ತದೆ. ಎರಡೂ ಕಡೆಯ ಸದ್ದು ಒಟ್ಟಿಗೆ ಬರುವುದರಿಂದ ಕಿವಿ ಹಾಗೆ ಮೋಸಹೋಗುತ್ತದೆ, ಅಷ್ಟೆ. ಆದರೆ ಮಾವ ಸೋಫಾದಲ್ಲಿ ಕೂರುವವರಲ್ಲ. ಅವರ ಬೆತ್ತದ ಕುರ್ಚಿ ಬಾಗಿಲ ಪಕ್ಕ, ಎಡಮೂಲೆಯಲ್ಲಿದೆ. ಗೇಟು ತೆಗೆದವರು ಯಾರು ಅಂತ ಅಲ್ಲಿಂದ ಕಾಣಬೇಕು. ಅವರಿಗೆ ಎಡ ಸ್ಪೀಕರಿನ ಸದ್ದು ಮೊದಲು ತಲುಪುತ್ತದೆ. ಮೊದಲು ತಲುಪಿದ ಕಡೆಗೇ ಕಿವಿ ಇಡೀ ಮಾತನ್ನು ಎಳೆದುಕೊಳ್ಳುತ್ತದೆ. ಹೀರೋ ಟಿವಿಯಲ್ಲಿ, ಅವನ ಮಾತು ಶೂ ಸ್ಟ್ಯಾಂಡ್ ಹತ್ತಿರ!

ನಡುವೆ ಒಂದು ಸೆಂಟರ್ ಸ್ಪೀಕರ್ ಬೇಕು ಅಂದೆ. ನಮ್ಮೆಜಮಾನರು, "ಎರಡು ಸಾಕಲ್ವಾ? ಮೂರನೇದು ಶೋಕಿ" ಅಂದರು. ಶೋಕಿ ಅಲ್ಲ. 1933ರಲ್ಲೇ ಅಮೆರಿಕದ ಬೆಲ್ ಲ್ಯಾಬ್‌ನವರು ಫಿಲಡೆಲ್ಫಿಯಾದಲ್ಲಿ ನುಡಿಸಿದ ಆರ್ಕೆಸ್ಟ್ರಾವನ್ನು ವಾಷಿಂಗ್ಟನ್ನಿನ ಸಭಾಂಗಣಕ್ಕೆ ತಂತಿಯಲ್ಲಿ ಕಳಿಸಿ ಕೇಳಿಸಿದರು. ಅದಕ್ಕೆ ಬಳಸಿದ್ದು ಎರಡಲ್ಲ, ಮೂರು ಚಾನೆಲ್: ಎಡ, ನಡು, ಬಲ.  ಸಭಾಂಗಣದಲ್ಲಿ ಎಲ್ಲರೂ ನಡುವೆಯೇ ಕೂರಲು ಆಗುವುದಿಲ್ಲವಲ್ಲ. ಟಾಕೀಸಿನಲ್ಲೂ ಪರದೆಗೆ ಸಣ್ಣ ಸಣ್ಣ ತೂತು ಮಾಡಿ ಹಿಂದೆ ಸ್ಪೀಕರ್ ಇಡುವುದು ಇದಕ್ಕೇ. ಐದು ಸ್ಪೀಕರ್, ಜೊತೆಗೆ ದಪ್ಪ ಸದ್ದಿಗೊಂದು ಅಂತ ಲೆಕ್ಕ ಹಾಕುವ ಇವತ್ತಿನ 5.1 ಸಿನಿಮಾದಲ್ಲಂತೂ ಹೆಚ್ಚುಪಾಲು ಮಾತು ಸೆಂಟರ್‌ನಿಂದಲೇ ಬರುತ್ತದೆ.

ರೈಲಿನಲ್ಲಿ ಮೈಸೂರಿಗೆ ಹೋಗಿ ತಂದೆವು. ಉದ್ದನೆ ಪೆಟ್ಟಿಗೆ, ನಡುವೆ ಕೀರಲು ದನಿಗೆ ಪುಟ್ಟ ಟ್ವೀಟರ್, ಆಚೆ ಈಚೆ ಅದಕ್ಕಿಂತ ಕೆಳಗಿನ ದನಿಗೆ ಒಂದೊಂದು ವೂಫರ್. ಒಂದು ಬುದ್ಧಿವಂತಿಕೆ ಮಾಡಿದ್ದೆ. ಎಡಬಲದ ಸ್ಪೀಕರ್ ಯಾವ ಕಂಪನಿಯ ಯಾವ ಸೀರೀಸೋ, ಅದರದ್ದೇ ತಂದಿದ್ದೆ. ಕಾರೊಂದು ಪರದೆಯ ಈ ತುದಿಯಿಂದ ಆ ತುದಿಗೆ ಹೋದರೆ ಅದರ ಸದ್ದು ಮಧ್ಯದಲ್ಲಿ ಬೇರೆ ಕಾರಿನ ಸದ್ದಾಗಬಾರದು. ಅಂಗಡಿಯಲ್ಲಿ ಕೇಳಿದಾಗ ಬಹಳ ಚೆನ್ನಾಗಿತ್ತು. ಕೇಳಿದ್ದೂ ನಾವು ಮೂವರು, ಸರಿಯಾಗಿ ನಡುವೆ ಕೂತು.

ಮನೆಗೆ ತಂದು ಶೋಕೇಸಿನ ಗೂಡಿನೊಳಗೆ ತಳ್ಳಿದೆ. ನೋಡಲು ನೀಟು. ಮಾತು ಮಾತ್ರ ತಪ್ಪಲೆಯೊಳಗೆ ತಲೆಯಿಟ್ಟು ಮಾತಾಡಿದ ಹಾಗೆ. ಗೂಡಿನ ಹಲಗೆಗಳಿಗೆಲ್ಲ ಸದ್ದು ಬಡಿದು ಬರುತ್ತಿತ್ತು. ಮುಂದಕ್ಕೆ ಎಳೆದು ಸ್ಪೀಕರಿನ ಮುಖವನ್ನು ಹಲಗೆಯ ಅಂಚಿಗೆ ಸಮ ಮಾಡಿದ ಮೇಲೆ ಸೋಫಾದವರಿಗೆ ಸರಿಹೋಯಿತು. ಬೆತ್ತದ ಕುರ್ಚಿಯಿಂದ ಮತ್ತೆ ಅದೇ, "ಏನಂದ್ನವ್ವ?"

ಗುಟ್ಟು ಬಯಲಾದದ್ದು ಆಯುಧಪೂಜೆ ದಿನ. ಮಗ ಮನೆಯ ಮೆಷಿನ್ನುಗಳನ್ನೆಲ್ಲ ಒರೆಸಿ ಕುಂಕುಮ ಇಡುತ್ತಿದ್ದ. ಸೆಂಟರ್ ಸ್ಪೀಕರನ್ನು ಗೂಡಿನಿಂದ ತೆಗೆದು ಟಿವಿ ಮುಂದೆ ನೆಟ್ಟಗೆ ನಿಲ್ಲಿಸಿದ್ದ. ವೈರು ಹಾಗೇ ಇತ್ತು. ಟಿವಿಯಲ್ಲಿ ದಸರಾ ಸುದ್ದಿ ಬರುತ್ತಿತ್ತು. ಮಾವ ಇದ್ದಕ್ಕಿದ್ದಂತೆ, "ಈಗ ಸಂದಾಗಿ ಕೇಳ್ತದೆ ಕಣವ್ವ, ಏನ್ ಮಾಡ್ದೆ?" ಅಂದರು.

ನಾನೇನೂ ಮಾಡಿರಲಿಲ್ಲ. ಮತ್ತೆ ಅಡ್ಡ ಮಲಗಿಸಿದೆ. "ಹೋಯ್ತು" ಅಂದರು. ನಿಲ್ಲಿಸಿದೆ. "ಬಂತು."

ನಾನು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವವಳು. ಎರಡು ಸೀಳಿನಿಂದ ಬಂದ ಬೆಳಕಿನ ಅಲೆಗಳು ಕೆಲವು ಕಡೆ ಒಂದನ್ನೊಂದು ಅಳಿಸುವ ಯಂಗ್‌ನ ಪ್ರಯೋಗವನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ಅದೇ ಪಾಠ ನನ್ನ ಶೋಕೇಸಿನಲ್ಲಿ ಎಂಟು ತಿಂಗಳಿನಿಂದ ಅಡ್ಡ ಮಲಗಿತ್ತು! ಟೇಪ್ ಹಿಡಿದು ಅಳೆದೆ. ವೂಫರಿನಿಂದ ವೂಫರಿಗೆ 34 ಸೆಂಟಿಮೀಟರ್. ಮಾವನ ಕುರ್ಚಿ ನಡುಗೆರೆಯಿಂದ ಸುಮಾರು 30 ಡಿಗ್ರಿ ಪಕ್ಕಕ್ಕೆ. ಅಲ್ಲಿಗೆ ಒಂದು ವೂಫರಿನ ಸದ್ದು ಇನ್ನೊಂದಕ್ಕಿಂತ 17 ಸೆಂಟಿಮೀಟರ್ ಜಾಸ್ತಿ ದಾರಿ ಸವೆಸಬೇಕು. 1000 ಹರ್ಟ್ಸ್ ಸದ್ದಿನ ಅಲೆಯ ಉದ್ದ ಹತ್ತಿರಹತ್ತಿರ 34. ಅಂದರೆ ಸರಿಯಾಗಿ ಅರ್ಧ ಅಲೆ ಹಿಂದೆ. ಒಂದು ತಳ್ಳಿದಾಗ ಇನ್ನೊಂದು ಎಳೆಯುತ್ತದೆ, ಎರಡೂ ಸೇರಿ ಸೊನ್ನೆ. ಗೋಡೆಗೆ ಬಡಿದು ಬರುವ ಸದ್ದೂ ಸೇರುವುದರಿಂದ ಪೂರ್ತಿ ಸೊನ್ನೆ ಆಗುವುದಿಲ್ಲ. ಆದರೂ ಮಾತಿನ ಹೊಟ್ಟೆಗೇ ತೂತು ಬೀಳುತ್ತದೆ. 4000ದಲ್ಲಿ ಮೊದಲೇ ಸೋತ ಕಿವಿಗೆ ನಾನು 1000ದಲ್ಲೂ ಕೊಕ್ಕೆ ಹಾಕಿದ್ದೆ. ನೆಟ್ಟಗೆ ನಿಲ್ಲಿಸಿದರೆ ಎರಡು ವೂಫರೂ ಒಂದರ ಮೇಲೊಂದು ಬರುತ್ತವೆ. ಎಡಕ್ಕೆ ಕೂತರೂ ಬಲಕ್ಕೆ ಕೂತರೂ ದಾರಿ ಒಂದೇ.

ಆದರೆ ಅಷ್ಟುದ್ದದ್ದನ್ನು ನಿಲ್ಲಿಸಿದರೆ ಅರ್ಧ ಟಿವಿ ಮುಚ್ಚುತ್ತದೆ. ಟ್ವೀಟರನ್ನೂ ನಡುಮಟ್ಟದ ದನಿಯ ಮಿಡ್‌ರೇಂಜನ್ನೂ ನಡುವೆ ಮೇಲೆ ಕೆಳಗೆ ಜೋಡಿಸಿದ ತ್ರೀ-ವೇ ಸೆಂಟರ್‌ಗಳಲ್ಲಿ ಈ ತೊಂದರೆ ಬಹಳ ಕಡಿಮೆ. ಬೆಲೆ ಕೇಳಿ ಸುಮ್ಮನಾದೆ. ಕೊನೆಗೆ ಎಡಬಲಕ್ಕಿರುವ ಬುಕ್‌ಶೆಲ್ಫ್ ಸ್ಪೀಕರಿನಂಥದ್ದೇ ಇನ್ನೊಂದನ್ನು ನಡುವೆ ನೆಟ್ಟಗೆ ಇಡೋಣ ಅಂದುಕೊಂಡೆ. ಮೂರೂ ಒಂದೇ ಜಾತಿ, ದನಿ ಬದಲಾಗುವ ಮಾತೇ ಇಲ್ಲ.

ಆಚಾರ್ರು ಬಂದು ಟಿವಿಯನ್ನು ನಾಲ್ಕು ಇಂಚು ಮೇಲಕ್ಕೇರಿಸಿ, ಶೋಕೇಸಿನ ಕೆಳಭಾಗ ಒಂದನ್ನೇ ಬಿಟ್ಟು ಉಳಿದದ್ದು ಬಿಚ್ಚಿದರು. ಹಲಗೆ ನೆಲದಿಂದ 45 ಸೆಂಟಿಮೀಟರ್. ಟ್ವೀಟರ್ 70ಕ್ಕೆ ಬಂತು. ಕೂತ ಮಾವನ ಕಿವಿ 95ರಲ್ಲಿದೆ. ಮಾತು ಮೊಣಕಾಲಿಗೆ ಬಡಿಯಬಾರದಲ್ಲ, ಮುಂದಿನ ಅಂಚನ್ನು ಎರಡು ಸೆಂಟಿಮೀಟರ್ ಎತ್ತಬೇಕಾಯಿತು. ಏನಿಡೋಣ ಅಂತ ನಾನು ಹುಡುಕುತ್ತಿದ್ದರೆ ಮಾವ ಒಳಗಿಂದ ಹಳೇ ಮಿಲ್ ಬೆಲ್ಟಿನ ತುಂಡು ತಂದರು. ಮಿಲ್ ಮಾರಿದರೂ ಅದನ್ನು ಎಸೆದಿರಲಿಲ್ಲ. ಮಡಿಸಿ ಕೆಳಗಿಟ್ಟರೆ ಅಳತೆ ಮಾಡಿಸಿದ ಹಾಗೆ ಕೂತಿತು. ಹಲಗೆ ನಡುಗುವುದೂ ನಿಂತಿತು.

ರಿಸೀವರಿನಲ್ಲಿ ಜಾಸ್ತಿ ಕೆಲಸ ಇರಲಿಲ್ಲ. ಮೈಕ್ ಇಟ್ಟು ಸೋಫಾದಲ್ಲೂ ಬೆತ್ತದ ಕುರ್ಚಿಯಲ್ಲೂ ಅಳತೆ ತೆಗೆಸಿದೆ.  ಸೆಂಟರ್ ಮಟ್ಟ ಎರಡು ಡೆಸಿಬೆಲ್ ಏರಿಸಿದೆ, ಅದು ಮಾವನ ಪಾಲು. "ಏನಂದ್ನವ್ವ" ಪೂರ್ತಿ ನಿಂತಿಲ್ಲ. ಪಿಸುಮಾತು ಬಂದಾಗ ಈಗಲೂ ಕೇಳುತ್ತಾರೆ.

ಬುಕ್‌ಶೆಲ್ಫ್ ಸ್ಪೀಕರ್ ಬಿಡಿಯಾಗಿ ಸಿಗಲಿಲ್ಲ, ಜೋಡಿಯನ್ನೇ ಕೊಳ್ಳಬೇಕಾಯಿತು. ಮಿಕ್ಕ ಒಂದು ಅಟ್ಟದ ಮೇಲಿದೆ. "ಸುಮ್ನೆ ಯಾಕವ್ವ ಬಿದ್ದದೆ, ಅದ್ನೂ ಹಾಕ್ಬುಡು" ಅಂತ ಮಾವ ವಾರಕ್ಕೊಮ್ಮೆ ನೆನಪಿಸುತ್ತಾರೆ. ಹಳೇ ಸೆಂಟರೂ ಅದರ ಪಕ್ಕದಲ್ಲೇ, ಕುಂಕುಮದ ಸಮೇತ. ಮಂಡ್ಯದ ಆಸುಪಾಸಿನವರು ಯಾರಾದರೂ ತೆಗೆದುಕೊಳ್ಳುವುದಾದರೆ ಅರ್ಧ ಬೆಲೆಗೆ ಕೊಡುತ್ತೇನೆ. ನಿಮ್ಮ ಮನೆಯಲ್ಲಿ ಬಾಗಿಲ ಪಕ್ಕ ಯಾರೂ ಕೂರಬಾರದು, ಅಷ್ಟೆ.